ಹರಾಜಿನ ಕೂಗೂ ತಂಡದ ಕಟ್ಟೋಣವೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನಡೆಯುವ ದಿನ, ಸಂಜೆಯಾಗುತ್ತ ಬಂದಂತೆ ಕೆಂಗೇರಿಯ ಕಡೆಯಿಂದ ಹೊರಡುವ ನೇರಳೆ ಮಾರ್ಗದ ಮೆಟ್ರೋ ರೈಲು, ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿಗಳನ್ನು ಹಾದು ಮಾಗಡಿ ರಸ್ತೆಯ ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ಕೆಂಪು ಅಂಗಿಗಳಿಂದ ತುಂಬಿಹೋಗಿರುತ್ತದೆ. ರಾಜಾಜಿನಗರದವರು ಹಸಿರು ಮಾರ್ಗದಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇವರನ್ನು ಕೂಡಿಕೊಳ್ಳುವರು. ಎಲ್ಲರೂ ಇಳಿಯುವುದು ಕಬ್ಬನ್ ಪಾರ್ಕಿನಲ್ಲಿ. ಆ ಅಂಗಿಗಳ ಬೆನ್ನ ಮೇಲೆ ಅಚ್ಚಾಗಿರುವುದು ಬಹುಮಟ್ಟಿಗೆ ಕೊಹ್ಲಿಯವರ ಹೆಸರು. ನಡುನಡುವೆ ಗೇಲ್, ಡಿವಿಲಿಯರ್ಸ್ ಎಂಬ ಹಳೆಯ ಹೆಸರುಗಳೂ ಕಣ್ಣಿಗೆ ಬೀಳುವುವು. ದೆಹಲಿಯವರೊಬ್ಬರು, ಜಮೈಕದವರೊಬ್ಬರು, ದಕ್ಷಿಣ ಆಫ್ರಿಕದವರೊಬ್ಬರು ಬಸವೇಶ್ವರನಗರದ ಹುಡುಗನಿಗೆ ನಮ್ಮವರೆನಿಸಿರುವುದು ಹುಟ್ಟಿನ ಸಂಬಂಧದಿಂದಲೂ ಅಲ್ಲ, ವಾಸದ ಸಂಬಂಧದಿಂದಲೂ ಅಲ್ಲ. ವರ್ಷಕ್ಕೊಮ್ಮೆ ಯಾವುದೋ ಹೋಟೆಲಿನ ಸಭಾಂಗಣದಲ್ಲಿ ನಡೆಯುವ ಹರಾಜೂ, ಆ ಹರಾಜಿನ ಸುತ್ತ ಹೆಣೆದುಕೊಂಡಿರುವ ನಿಯಮಾವಳಿಯೂ ಈ ಬಾಂಧವ್ಯವನ್ನು ಉಂಟುಮಾಡಿವೆ. ಪಂದ್ಯವನ್ನು ನೋಡುವವರು ಲಕ್ಷಾಂತರ ಮಂದಿ. ಪಂದ್ಯದ ಅರ್ಧಭಾಗ ಆ ಸಭಾಂಗಣದಲ್ಲಿಯೇ ಮುಗಿದಿರುತ್ತದೆಂಬುದನ್ನು ಮನಗಂಡವರು ಅಷ್ಟು ಮಂದಿಯಿಲ್ಲ.

ಹಿಂದೆ ಹೀಗಿರಲಿಲ್ಲ. ಮೈಸೂರು ರಾಜ್ಯದ ತಂಡಕ್ಕೂ ಆಮೇಲೆ ಕರ್ನಾಟಕದ ತಂಡಕ್ಕೂ ಆಡಿದವರು ಇಲ್ಲಿಯ ಕ್ಲಬ್ಬುಗಳಿಂದ, ಇಲ್ಲಿಯ ಕಾಲೇಜುಗಳಿಂದ ಮೇಲೆ ಬಂದವರು. ರಣಜಿ ತಂಡದಲ್ಲಿ ಸ್ಥಾನ ದೊರೆತವರಿಗೆ ಒಂದು ಬ್ಯಾಂಕಿನಲ್ಲಿಯೋ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯಲ್ಲಿಯೋ ನೌಕರಿ ಸಿಕ್ಕುತ್ತಿದ್ದಿತು, ಆ ನೌಕರಿಯೇ ಅವರ ಆಟಕ್ಕೆ ಸಮಾಜವು ಕಟ್ಟಿದ ಬೆಲೆಯಾಗಿದ್ದಿತು. ಅದು ದೊಡ್ಡ ಬೆಲೆಯಲ್ಲ. ಆದರೆ ಮೂವತ್ತು ವರ್ಷ ನಿಲ್ಲುವ ಬೆಲೆ.

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಬಂದು ಇದು ಬದಲಾಯಿತು. 2008ರ ಜನವರಿ 24ರಂದು ಮೊದಲು ಹರಾಜಾದುವು ಊರುಗಳು. ಎಂಟು ನಗರಗಳ ತಂಡಗಳನ್ನು ಕೊಳ್ಳಲು ಉದ್ಯಮಿಗಳು ಮುಂದೆ ಬಂದರು. ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯರ ಯುಬಿ ಸಮೂಹವು 11.16 ಕೋಟಿ ಡಾಲರಿಗೆ ಪಡೆಯಿತು, ಮುಂಬಯಿಯ 11.19 ಕೋಟಿಯನ್ನು ಬಿಟ್ಟರೆ ಅದೇ ಅತ್ಯಧಿಕ. ಆಟಗಾರರ ಸರದಿ ಬಂದುದು ಫೆಬ್ರುವರಿ 20ರಂದು, ಮುಂಬಯಿಯಲ್ಲಿ. ಪ್ರತಿಯೊಂದು ತಂಡಕ್ಕೂ 50 ಲಕ್ಷ ಡಾಲರಿನ ಮಿತಿ. ಸಚಿನ್, ಗಂಗೂಲಿ, ಸೆಹ್ವಾಗ್, ಯುವರಾಜ್, ದ್ರಾವಿಡ್ ಈ ಐವರನ್ನು ತಮ್ಮ ತಮ್ಮ ಊರಿನ ‘ಐಕಾನ್’ ಆಟಗಾರರೆಂದು ಹರಾಜಿನಿಂದ ಹೊರಗಿರಿಸಿ, ತಂಡದಲ್ಲಿ ಅತ್ಯಂತ ಹೆಚ್ಚಿನ ಬೆಲೆ ಪಡೆದವನಿಗಿಂತ ಶೇಕಡ 15ರಷ್ಟು ಹೆಚ್ಚು ಸಂಭಾವನೆ ಇವರಿಗೆ ಸಲ್ಲತಕ್ಕದ್ದೆಂದು ನಿಯಮ ಮಾಡಿದ್ದರು. ಬೆಂಗಳೂರು ಜಾಕ್ ಕಾಲಿಸರಿಗೆ 9 ಲಕ್ಷ ಡಾಲರ್ ಕೂಗಿದುದರಿಂದ ದ್ರಾವಿಡರ ಸಂಭಾವನೆ ತಾನೇ ತಾನಾಗಿ 10.35 ಲಕ್ಷಕ್ಕೆ ಏರಿತು. ಇಬ್ಬರಿಂದಲೇ ಚೀಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬರಿದಾಯಿತು. ಅನಿಲ್ ಕುಂಬ್ಳೆ, ಜಹೀರ್ ಖಾನ್, ಮಾರ್ಕ್ ಬೌಷರ್, ಡೇಲ್ ಸ್ಟೇನ್, ಚಂದ್ರಪಾಲ್, ವಾಸಿಂ ಜಾಫರ್ ಹೀಗೆ ಸಾಗಿದ ಆ ಪಟ್ಟಿಯನ್ನು ಓದಿದ ಯಾರಿಗಾದರೂ ಅದು ಐದು ದಿನದ ಪಂದ್ಯಕ್ಕೆ ಹೇಳಿಮಾಡಿಸಿದ ಭವ್ಯವಾದ ತಂಡವೆಂದು ತೋರುವುದು ಸಹಜ. ಏಪ್ರಿಲ್ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಐಪಿಎಲ್ಲಿನ ಪ್ರಥಮ ಪಂದ್ಯ ನಡೆಯಿತು; ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ಹೊಡೆದರು, ನಮ್ಮ ತಂಡ ಒಟ್ಟಿಗೆ 82. ಆ ವರ್ಷ ಎಂಟು ತಂಡಗಳಲ್ಲಿ ಬೆಂಗಳೂರಿಗೆ ದೊರೆತುದು ಏಳನೆಯ ಸ್ಥಾನ.

ಇದಕ್ಕಾಗಿ ದ್ರಾವಿಡರನ್ನೋ ಜಾಫರರನ್ನೋ ದೂಷಿಸಿದವರು ಆಗ ಅನೇಕರಿದ್ದರು. ಅದು ಅನ್ಯಾಯ. ಇಪ್ಪತ್ತು ಓವರುಗಳ ಇನ್ನಿಂಗ್ಸೆಂದರೆ 120 ಎಸೆತಗಳು. ಆ 120 ಎಸೆತಗಳೊಳಗೆ ಒಂದೊಂದು ಘಟ್ಟಕ್ಕೂ ಒಂದೊಂದು ವಿಶಿಷ್ಟ ಕಾರ್ಯವಿದೆ. ಮೊದಲ ಆರು ಓವರುಗಳಲ್ಲಿ ಹೊರವಲಯದಲ್ಲಿ ಇಬ್ಬರೇ ಕ್ಷೇತ್ರರಕ್ಷಕರಿರುವಾಗ ಎತ್ತಿ ಹೊಡೆಯುವವನು ಬೇರೆ, ನಡುವಿನ ಓವರುಗಳಲ್ಲಿ ಸ್ಪಿನ್ನನ್ನು ನಿಭಾಯಿಸುವವನು ಬೇರೆ, ಕಡೆಯ ನಾಲ್ಕು ಓವರುಗಳಲ್ಲಿ ಯಾರ್ಕರ್ ಹಾಕಬಲ್ಲವನು ಬೇರೆ. ಈ ಕಾರ್ಯಗಳನ್ನು ಮೊದಲು ಎಣಿಸಿಕೊಂಡು ಆಮೇಲೆ ಅವಕ್ಕೆ ತಕ್ಕ ಜನರನ್ನು ಹುಡುಕುವುದೇ ತಂಡ ಕಟ್ಟುವವನ ವಿದ್ಯೆ. 2008ರಲ್ಲಿ ನಮ್ಮವರು ಹೆಸರುಗಳನ್ನು ಮೊದಲು ಕೊಂಡು, ಕಾರ್ಯಗಳನ್ನು ಆ ಹೆಸರುಗಳಿಗೆ ಹಂಚಿದರು. ಈ ತಪ್ಪನ್ನು ಬೆಂಗಳೂರು ಬೇರೆಬೇರೆ ರೂಪಗಳಲ್ಲಿ ಬಹುಕಾಲ ಮಾಡುತ್ತ ಬಂದಿತೆಂಬುದೂ, ಅದನ್ನು ತಿದ್ದಿಕೊಂಡ ಮೇಲೆಯೇ ಕಪ್ಪು ಕೈಗೆ ಬಂದಿತೆಂಬುದೂ ನನ್ನ ನಂಬಿಕೆ.

ಹರಾಜಿನ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಆಟಗಾರನು ತನ್ನ ಮೂಲಬೆಲೆಯನ್ನು ಗೊತ್ತಾದ ಕೆಲವು ಮೊತ್ತಗಳಲ್ಲಿ ಒಂದಾಗಿ ತಾನೇ ಆರಿಸಿಕೊಳ್ಳುತ್ತಾನೆ. 2025ರ ಆವೃತ್ತಿಗಾಗಿ ನಡೆದ, ತಂಡಗಳನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟುವ ದೊಡ್ಡ ಹರಾಜಿನಲ್ಲಿ ಅದು ಕನಿಷ್ಠ 30 ಲಕ್ಷ, ಗರಿಷ್ಠ 2 ಕೋಟಿ ರೂಪಾಯಿ. ಅವನ ಸ್ವಾತಂತ್ರ್ಯವೆಲ್ಲ ಅಲ್ಲಿಗೆ ಮುಗಿಯಿತು. ಯಾವ ಊರು, ಯಾವ ಒಡೆಯ, ಯಾವ ಬೆಲೆ ಎಂಬುದರಲ್ಲಿ ಅವನಿಗೆ ಮಾತಿಲ್ಲ. ಬ್ಯಾಟುಗಾರರು, ಆಲ್‌ರೌಂಡರುಗಳು, ವೇಗಿಗಳು, ಸ್ಪಿನ್ನರುಗಳು, ವಿಕೆಟ್ ಕೀಪರುಗಳು ಎಂದು ಆಟಗಾರರನ್ನು ಗುಂಪುಮಾಡಿ ಒಂದೊಂದೇ ಹೆಸರನ್ನು ಹರಾಜುದಾರರು ಕರೆಯುತ್ತಾರೆ. ಬೇಕೆನ್ನುವವರು ಪ್ಯಾಡಲ್ ಎತ್ತುತ್ತಾರೆ. ಒಂದು ಕೋಟಿಯವರೆಗೆ ಐದೈದು ಲಕ್ಷದಂತೆ, ಅಲ್ಲಿಂದ ಮೇಲಕ್ಕೆ ಇನ್ನೂ ದೊಡ್ಡ ಹೆಜ್ಜೆಗಳಲ್ಲಿ ಕೂಗು ಏರುತ್ತದೆ. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಮಂದಿ. ಅವರಲ್ಲಿ ವಿದೇಶಿಯರು ಎಂಟಕ್ಕೆ ಮೀರತಕ್ಕದ್ದಲ್ಲ, ಆಡುವ ಹನ್ನೊಂದರಲ್ಲಿ ನಾಲ್ಕಕ್ಕೆ ಮೀರತಕ್ಕದ್ದಲ್ಲ. ಕೆಲವು ದೊಡ್ಡ ಹರಾಜುಗಳಲ್ಲಿ ಹಳೆಯ ತಂಡಕ್ಕೆ ತನ್ನವನನ್ನು ಮರಳಿ ಪಡೆಯಲು ‘ರೈಟ್ ಟು ಮ್ಯಾಚ್’ ಎಂಬ ಹಕ್ಕಿನ ಚೀಟಿಯುಂಟು: ಬೇರೆಯವರು ಕೂಗಿದ ಕಡೆಯ ಬೆಲೆಯನ್ನೇ ತಾನೂ ಕೊಡುವೆನೆಂದರೆ ಆಟಗಾರ ಹಳೆಯ ತಂಡಕ್ಕೆ ಹಿಂದಿರುಗುವನು. 2025ರ ಆವೃತ್ತಿಯ ದೊಡ್ಡ ಹರಾಜಿನಲ್ಲಿ ಇದಕ್ಕೊಂದು ತಿದ್ದುಪಡಿ ತಂದು, ಹೆಚ್ಚು ಕೂಗಿದವನು ಇನ್ನೊಂದೇ ಸಲ ಬೆಲೆ ಏರಿಸಲು ಅವಕಾಶ ಕೊಟ್ಟರು. ಪತ್ರಿಕೆಗಳಲ್ಲಿ ಬರುವ ಮೊತ್ತ ಒಂದು ವರ್ಷದ ಸಂಭಾವನೆಯೆಂಬುದನ್ನು ಓದುಗರು ನೆನಪಿಡಬೇಕು.

ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿಯ ಮೂಟೆಗೆ ಸವಾಲು ಕೂಗುವ ವರ್ತಕನಿಗೆ ಸಂಜೆಯೊಳಗೆ ತನ್ನ ಲೆಕ್ಕ ಸರಿಯೋ ತಪ್ಪೋ ತಿಳಿದುಹೋಗುತ್ತದೆ. ಮೂಟೆಯನ್ನು ಬಿಚ್ಚಿ ನೋಡುವುದಕ್ಕೂ ಅವನಿಗೆ ಅಡ್ಡಿಯಿಲ್ಲ. ಆಟಗಾರನನ್ನು ಕೊಳ್ಳುವವರು ಇನ್ನೂ ಆಡದಿರುವ ಆಟಕ್ಕೆ ಬೆಲೆ ಕಟ್ಟುತ್ತಾರೆ. ಹತ್ತು ತಂಡಗಳವರು ಒಬ್ಬನ ಮುಂದಿನ ವರ್ಷದ ಆಟವನ್ನು ಹತ್ತು ವಿಧವಾಗಿ ಊಹಿಸುವಾಗ, ಕೆಲವರ ಊಹೆ ನಿಜಕ್ಕಿಂತ ಕೆಳಗೂ ಕೆಲವರದು ನಿಜಕ್ಕಿಂತ ಮೇಲೂ ಇರುವುದು ಸ್ವಾಭಾವಿಕ. ಆದರೆ ಆಟಗಾರ ದಕ್ಕುವುದು ಅತ್ಯಂತ ಮೇಲಕ್ಕೆ ಊಹಿಸಿದವರಿಗೆ. ಆದುದರಿಂದ ಹರಾಜಿನಲ್ಲಿ ಗೆದ್ದವನು ಬಹುವೇಳೆ ಅತಿಯಾಗಿ ಎಣಿಸಿದವನೇ ಆಗಿರುತ್ತಾನೆ. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲದ ಗುತ್ತಿಗೆಗಾಗಿ ಕಂಪನಿಗಳು ಕೂಗಾಡಿ ಪಡೆದ ಜಾಗಗಳು ಎಣಿಸಿದ ಲಾಭವನ್ನು ಕೊಡದೆ ಹೋದುದೇಕೆಂದು ಪರಿಶೀಲಿಸಿ, 1971ರಲ್ಲಿ ಅಮೆರಿಕದ ಮೂವರು ಎಂಜಿನಿಯರರು ಈ ತತ್ತ್ವವನ್ನು ಮೊಟ್ಟಮೊದಲು ಬರೆದು ತೋರಿಸಿದರು. ಅವರು ಹೇಳಿದ ಪರಿಹಾರವೂ ಸರಳ: ಎದುರಾಳಿಗಳು ಹೆಚ್ಚಿದಷ್ಟೂ ನಿನ್ನ ಕೂಗನ್ನು ತಗ್ಗಿಸು. ದೂರದರ್ಶನದ ದೀಪಗಳ ಕೆಳಗೆ ಕುಳಿತು, ಎದುರು ಮೇಜಿನವರು ಪ್ಯಾಡಲ್ ಎತ್ತುತ್ತಿರುವಾಗ, ಇದನ್ನು ಆಚರಣೆಗೆ ತರುವುದು ಸಾಮಾನ್ಯ ಸಂಯಮದ ಕೆಲಸವಲ್ಲ.

ಬೆಲೆಯನ್ನು ನಿರ್ಣಯಿಸುವ ಇನ್ನೊಂದು ಶಕ್ತಿ ಆ ಕೋಣೆಯ ಆ ಕ್ಷಣದ ಅವಶ್ಯಕತೆ. ಇದಕ್ಕೆ ಬೆಂಗಳೂರಿನ ಆಫ್‌ಸ್ಪಿನ್ನರ್ ಕೃಷ್ಣಪ್ಪ ಗೌತಮರ ವೃತ್ತಾಂತಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. 2017ರಲ್ಲಿ 10 ಲಕ್ಷದ ಮೂಲಬೆಲೆಯಿಂದ ಅವರು 2 ಕೋಟಿಗೆ ಏರಿದರು. 2018ರಲ್ಲಿ ರಾಜಸ್ಥಾನ 6.20 ಕೋಟಿ ಕೊಟ್ಟಿತು. 2021ರಲ್ಲಿ ಚೆನ್ನೈ 20 ಲಕ್ಷದ ಮೂಲಬೆಲೆಯ ಮೇಲೆ 9.25 ಕೋಟಿ ಕೂಗಿತು, ಆದರೆ ಆ ವರ್ಷ ಅವರಿಗೆ ಒಂದು ಪಂದ್ಯವೂ ಆಡಲು ದೊರೆಯಲಿಲ್ಲ. 2022ರಲ್ಲಿ ಲಖನೌ ಅವರನ್ನು ಪಡೆದುದು 90 ಲಕ್ಷಕ್ಕೆ. ಐದು ವರ್ಷಗಳಲ್ಲಿ ಆ ಮನುಷ್ಯನ ಬೆರಳುಗಳಲ್ಲಿ ಇಷ್ಟೊಂದು ಏರಿಳಿತವಾಗಲಿಲ್ಲ. ಕೋಣೆಯಲ್ಲಿ ಉಳಿದಿದ್ದ ಹಣ, ಪಟ್ಟಿಯಲ್ಲಿ ಉಳಿದಿದ್ದ ಸ್ಪಿನ್ನರುಗಳ ಸಂಖ್ಯೆ, ಹೆಸರು ಕರೆದ ಗಳಿಗೆ, ಇವು ಬದಲಾದುವು.

ಇದೇ ನಿಯಮ ನಮ್ಮ ಬಡಾವಣೆಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ವಿಜಯನಗರದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಕಂಡಿದ್ದೇನೆ. ಈಚೆಗೆ ಟೆನಿಸ್ ಬಾಲ್ ಟೂರ್ನಿಗಳಲ್ಲಿಯೂ ಹರಾಜಿನ ಪದ್ಧತಿ ಬೇರೂರಿದೆ. ರಾಜಾಜಿನಗರದ ರಾಮಮಂದಿರದ ಮೈದಾನದಲ್ಲಿಯೋ ವಿಜಯನಗರದ ಬಿಜಿಎಸ್ ಮೈದಾನದಲ್ಲಿಯೋ ಸಂಜೆ ಆಡುವ ಹುಡುಗರು, ಬ್ಯಾಂಕಿನ ಗುಮಾಸ್ತರು, ಅಂಗಡಿಯವರು ಹೆಸರು ಕೊಟ್ಟು ಪಟ್ಟಿಯಲ್ಲಿ ಸೇರುತ್ತಾರೆ, ‘ಓನರು’ಗಳಾದವರು ಅವರನ್ನು ಕೂಗಿ ತಂಡ ಕಟ್ಟುತ್ತಾರೆ. ಇಲ್ಲಿ ಹಣವಿಲ್ಲ, ಪ್ರತಿ ತಂಡಕ್ಕೂ ಸಮನಾಗಿ ಹಂಚಿದ ಪಾಯಿಂಟುಗಳು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಒಬ್ಬೊಬ್ಬನ ಭಾವಚಿತ್ರ ಮೂಡುವುದು, ಮೈಕಿನವನು ‘ಬ್ಯಾಟ್ಸ್‌ಮನ್, ಬೇಸ್ ಪ್ರೈಸ್ ಐನೂರು’ ಎನ್ನುವನು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರು ಕೈಯೆತ್ತುವರು. ಆ ಸಂಜೆ ಎಲ್ಲರೂ ಮೊದಲ ಅರ್ಧ ಗಂಟೆಯೊಳಗೇ ಹೊಡೆಯುವ ಬ್ಯಾಟುಗಾರರಿಗಾಗಿ ಪಾಯಿಂಟುಗಳನ್ನು ಸುರಿದುಬಿಟ್ಟಿದ್ದರು. ಪಟ್ಟಿಯ ಕೊನೆಗೆ ಬರುವಾಗ ಮೂರು ತಂಡಗಳಿಗೆ ಕೀಪರಿಲ್ಲ, ಉಳಿದಿರುವ ಕೀಪರು ಒಬ್ಬನೇ. ಸಾಧಾರಣವಾಗಿ ಆಡುವ, ಕಣ್ಣಿಗೆ ದಪ್ಪ ಕನ್ನಡಕ ಹಾಕಿದ ಒಬ್ಬ ಯುವಕ. ‘ಗುರು, ಕೀಪರ್ ಇಲ್ದೆ ಏನ್ ಟೀಮ್ ಕಟ್ತೀಯ? ಎತ್ತು ಕೈ!’ ಎಂದು ಹಿಂದಿನಿಂದ ಒಬ್ಬರು ಗದರಿಸಿದರು. ಆ ಯುವಕನ ಬೆಲೆ, ಬಡಾವಣೆಯ ಅತ್ಯುತ್ತಮ ಬೌಲರಿಗೆ ಬಂದ ಬೆಲೆಯನ್ನು ದಾಟಿಹೋಯಿತು. ಅವನು ಬಾಗಿಲ ಬಳಿ ನಿಂತು ತನ್ನ ಚಿತ್ರವನ್ನು ತಾನೇ ನೋಡುತ್ತಿದ್ದನು. ಅದಕ್ಕೆ ಸ್ವಲ್ಪ ಮುಂಚೆ, ಹದಿನೆಂಟು ತುಂಬಿರಬಹುದಾದ ಹುಡುಗನೊಬ್ಬನ ಹೆಸರನ್ನು ಮೈಕಿನವನು ಎರಡು ಸಲ ಕರೆದು, ಯಾರ ಕೈಯೂ ಏಳದುದರಿಂದ, ‘ಅನ್‌ಸೋಲ್ಡ್, ಆಮೇಲ್ ನೋಡೋಣ’ ಎಂದು ಮುಂದಿನ ಚಿತ್ರಕ್ಕೆ ಹೋಗಿದ್ದನು. ಆ ಹುಡುಗ ಬೌಲರನೆಂಬುದು ಬಿಟ್ಟರೆ ಅವನಲ್ಲಿ ಕುಂದೇನೂ ಇರಲಿಲ್ಲ.

ಬೌಲರರನ್ನು ಕಡೆಗೆ ನೋಡೋಣವೆಂಬ ಈ ಪ್ರವೃತ್ತಿಯೇ ದೊಡ್ಡ ಬೆಂಗಳೂರನ್ನೂ ಕಾಡಿದ್ದು. 2011ರ ಜನವರಿಯ ದೊಡ್ಡ ಹರಾಜು ಇದೇ ಊರಿನಲ್ಲಿ ನಡೆಯಿತು. ನಮ್ಮ ತಂಡ ಉಳಿಸಿಕೊಂಡುದು ಕೊಹ್ಲಿಯವರೊಬ್ಬರನ್ನು. ದ್ರಾವಿಡರು 5 ಲಕ್ಷ ಡಾಲರಿಗೆ ರಾಜಸ್ಥಾನಕ್ಕೆ ಹೋದರು, ರಾಬಿನ್ ಉತ್ತಪ್ಪ 21 ಲಕ್ಷಕ್ಕೆ ಪುಣೆಗೆ. ಕ್ರಿಸ್ ಗೇಲರ ಹೆಸರನ್ನು ಕರೆದಾಗ ಯಾರೂ ಪ್ಯಾಡಲ್ ಎತ್ತಲಿಲ್ಲ. ಆವೃತ್ತಿ ನಡೆಯುತ್ತಿರುವಾಗ ಗಾಯಗೊಂಡ ಡರ್ಕ್ ನ್ಯಾನಿಸರಿಗೆ ಬದಲಿಯಾಗಿ ಬೆಂಗಳೂರು ಅವರನ್ನು ಕರೆಸಿಕೊಂಡಿತು, ಬಂದ ಮೊದಲ ಪಂದ್ಯದಲ್ಲೇ ಅವರು ಶತಕ ಹೊಡೆದರು, ಆ ವರ್ಷ 608 ರನ್ನು ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು. ಹೀಗೆ ದೈವದತ್ತವಾಗಿ ಬಂದ ಸಂಪತ್ತು ತಂಡದ ಮನಸ್ಸನ್ನು ಬ್ಯಾಟಿನ ಕಡೆಗೇ ಇನ್ನಷ್ಟು ತಿರುಗಿಸಿತೆಂದು ನನಗೆ ತೋರುತ್ತದೆ. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಈ ಮೂವರ ಆಟದ ವೈಭವವನ್ನು ನೋಡಿದವರು ಪುಣ್ಯವಂತರು; ಆದರೆ ಕಡೆಯ ಓವರುಗಳಲ್ಲಿ ಎದುರಾಳಿಯನ್ನು ತಡೆಯುವವರಿಗಾಗಿ ಹಣ ಉಳಿಯುತ್ತಿರಲಿಲ್ಲ. 2016ರಲ್ಲಿ ಕೊಹ್ಲಿಯವರೊಬ್ಬರೇ 973 ರನ್ನು ಹೊಡೆದ ವರ್ಷದಲ್ಲಿಯೂ, ಮೇ 29ರ ಅಂತಿಮ ಪಂದ್ಯವನ್ನು ನಮ್ಮ ಅಂಗಳದಲ್ಲಿಯೇ ಹೈದರಾಬಾದಿಗೆ ಎಂಟು ರನ್ನುಗಳಿಂದ ಬಿಟ್ಟುಕೊಡಬೇಕಾಯಿತು.

ಅದಕ್ಕಿಂತ ಹೆಚ್ಚು ಮನಸ್ಸಿಗೆ ನಾಟುವುದು 2014. ಆ ವರ್ಷದ ಫೆಬ್ರುವರಿ 12, 13ರಂದು ಹರಾಜು ಮತ್ತೆ ಬೆಂಗಳೂರಿನಲ್ಲಿ. ಕರ್ನಾಟಕದ ರಣಜಿ ತಂಡ ಆಗತಾನೆ ದೇಶದ ಪ್ರಶಸ್ತಿಯನ್ನು ಗೆದ್ದಿದ್ದಿತು, ಮರುವರ್ಷವೂ ಗೆಲ್ಲಲಿದ್ದಿತು. ನಮ್ಮ ಫ್ರಾಂಚೈಸಿ ಯುವರಾಜರಿಗೆ 14 ಕೋಟಿ ಕೊಟ್ಟಿತು. ರಾಬಿನ್ ಉತ್ತಪ್ಪ 5 ಕೋಟಿಗೆ, ಮನೀಶ್ ಪಾಂಡೆ 1.70 ಕೋಟಿಗೆ ಕೋಲ್ಕತ್ತದ ಪಾಲಾದರು, ಅವರೊಂದಿಗೆ ವಿನಯ್ ಕುಮಾರರೂ ಹೋದರು. ಜೂನ್ 1ರಂದು ಅಂತಿಮ ಪಂದ್ಯ ಚಿನ್ನಸ್ವಾಮಿಯಲ್ಲಿಯೇ ನಡೆಯಿತು. ಕೋಲ್ಕತ್ತ ಪಂಜಾಬನ್ನು ಸೋಲಿಸಿತು. 50 ಎಸೆತಗಳಲ್ಲಿ 94 ಹೊಡೆದು ಪಂದ್ಯವನ್ನು ಗೆದ್ದುಕೊಟ್ಟವರು ಮನೀಶ್ ಪಾಂಡೆ, ಆ ಆವೃತ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ರನ್ನು ಗಳಿಸಿದವರು ಉತ್ತಪ್ಪ. ಹರಾಜು ನಡೆದ ಊರೂ, ಅಂತಿಮ ಪಂದ್ಯ ನಡೆದ ಊರೂ, ಗೆಲ್ಲಿಸಿದವರ ಊರೂ ಒಂದೇ ಆಗಿದ್ದು, ಕಪ್ಪು ಮಾತ್ರ ಗಂಗೆಯ ದಡಕ್ಕೆ ಹೋಯಿತು. 2018ರಲ್ಲಿ ಕೆ. ಎಲ್. ರಾಹುಲರು 11 ಕೋಟಿಗೆ ಪಂಜಾಬಿಗೆ ಹೋಗಿ ಆ ವರ್ಷ 659 ರನ್ನು ಗಳಿಸಿದುದೂ ಇದೇ ದುಃಖದ ಮುಂದುವರಿಕೆ.

ಒಂದು ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ಈ ತಂಡದ ಅತ್ಯಮೂಲ್ಯ ಆಟಗಾರರೆನಿಸಿದ ಕೊಹ್ಲಿಯವರು ಒಂದು ಸಲವೂ ಬಹಿರಂಗ ಹರಾಜಿಗೆ ಒಳಗಾದವರಲ್ಲ. 2008ರಲ್ಲಿ 19 ವರ್ಷದೊಳಗಿನವರಿಗಾಗಿ ಪ್ರತ್ಯೇಕವಾಗಿ ಏರ್ಪಡಿಸಿದ ಸರದಿಯ ಆಯ್ಕೆಯಲ್ಲಿ, ಅವರ ತವರಾದ ದೆಹಲಿ ಪ್ರದೀಪ್ ಸಾಂಗ್ವಾನರನ್ನು ಆರಿಸಿಕೊಂಡುದರಿಂದ, ಅವರು ನಮಗೆ ದೊರೆತರು; ಅಂದಿನಿಂದ ಪ್ರತಿಸಲವೂ ತಂಡ ಅವರನ್ನು ಉಳಿಸಿಕೊಂಡಿದೆ. ಅಮೆರಿಕದ ಫುಟ್‌ಬಾಲ್ ಲೀಗು 1936ರಿಂದ ನಡೆಸಿಕೊಂಡು ಬಂದಿರುವ ‘ಡ್ರಾಫ್ಟ್’ ಎಂಬ ಪದ್ಧತಿಯಲ್ಲಿ, ಹಿಂದಿನ ವರ್ಷ ಕಡೆಯಲ್ಲಿ ನಿಂತ ತಂಡಕ್ಕೆ ಮೊದಲ ಆಯ್ಕೆ. ಅಲ್ಲಿ ಕೂಗಿಲ್ಲ, ಸರದಿಯಿದೆ. ನಮ್ಮಲ್ಲಿ ಆ ಸರದಿಯ ಪದ್ಧತಿಯನ್ನು ಕೈಬಿಟ್ಟು ಹರಾಜನ್ನೇ ಉಳಿಸಿಕೊಂಡರು. ಕುತೂಹಲಕ್ಕೂ ಪ್ರಸಾರಕ್ಕೂ ಹರಾಜೇ ಮೇಲೆಂಬುದರಲ್ಲಿ ಸಂಶಯವಿಲ್ಲ. ನ್ಯಾಯಕ್ಕೆ ಯಾವುದು ಮೇಲೆಂಬುದು ಚರ್ಚೆಗೆ ಯೋಗ್ಯವಾದ ಮಾತು.

2024ರ ನವೆಂಬರ್ 24, 25ರಂದು ಸೌದಿ ಅರೇಬಿಯದ ಜಿದ್ದಾದಲ್ಲಿ ನಡೆದ ಹರಾಜನ್ನು ತಂಡ ಕಟ್ಟುವ ವಿದ್ಯೆಯ ಒಂದು ಪಾಠವೆಂದು ಓದಬಹುದು. ಪ್ರತಿ ತಂಡದ ಚೀಲ 120 ಕೋಟಿ. ಬೆಂಗಳೂರು ಕೊಹ್ಲಿಯವರನ್ನು 21 ಕೋಟಿಗೆ, ರಜತ್ ಪಾಟೀದಾರರನ್ನು 11 ಕೋಟಿಗೆ, ಯಶ್ ದಯಾಳರನ್ನು 5 ಕೋಟಿಗೆ ಉಳಿಸಿಕೊಂಡು, 83 ಕೋಟಿಯೊಂದಿಗೆ ಹೋಯಿತು. ಮೊದಲ ದಿನದ ಪೂರ್ವಾರ್ಧದಲ್ಲಿ ಎಲ್ಲೆಡೆ ಬೆಲೆ ಗಗನಕ್ಕೇರಿತು: ರಿಷಭ್ ಪಂತರಿಗೆ ಲಖನೌ 27 ಕೋಟಿ, ಶ್ರೇಯಸ್ ಅಯ್ಯರರಿಗೆ ಪಂಜಾಬ್ 26.75 ಕೋಟಿ, ವೆಂಕಟೇಶ್ ಅಯ್ಯರರಿಗೆ ಕೋಲ್ಕತ್ತ 23.75 ಕೋಟಿ. ರಾಹುಲರು 14 ಕೋಟಿಗೆ ದೆಹಲಿಗೆ ಹೋದಾಗ ನಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿ ನಿಟ್ಟುಸಿರು ಕೇಳಿಬಂದಿತೋ! ಆ ಸಂಜೆ ಬೆಂಗಳೂರಿನ ಮೇಜಿನವರು ಕೊಂಡುದು ಆರೇ ಮಂದಿಯನ್ನು: ಲಿವಿಂಗ್‌ಸ್ಟನ್, ಫಿಲ್ ಸಾಲ್ಟ್, ಜಿತೇಶ್ ಶರ್ಮ, ಜೋಶ್ ಹೇಜಲ್‌ವುಡ್, ರಸಿಖ್ ದಾರ್, ಸುಯಶ್ ಶರ್ಮ. ಇವರಲ್ಲಿ ಅತ್ಯಧಿಕ ಬೆಲೆ ಬೌಲರರಾದ ಹೇಜಲ್‌ವುಡ್ಡರದು, 12.50 ಕೋಟಿ. ಯಾರೊಬ್ಬರನ್ನೂ ಅದಕ್ಕಿಂತ ಹೆಚ್ಚಿನ ಬೆಲೆಗೆ ಕೊಳ್ಳಲಿಲ್ಲವೆಂಬುದನ್ನು ಗಮನಿಸಬೇಕು. ಎರಡನೆಯ ದಿನಕ್ಕೆ 30.65 ಕೋಟಿ ಉಳಿಯಿತು. ಅಷ್ಟರಲ್ಲಿ ಇತರರ ಚೀಲಗಳು ಹಗುರಾಗಿದ್ದುವು. ಆಗ ಭುವನೇಶ್ವರ್ ಕುಮಾರರು 10.75 ಕೋಟಿಗೆ, ಕೃಣಾಲ್ ಪಾಂಡ್ಯರು 5.75 ಕೋಟಿಗೆ, ಟಿಮ್ ಡೇವಿಡ್ 3 ಕೋಟಿಗೆ, ರೊಮಾರಿಯೊ ಶೆಫರ್ಡ್ 1.50 ಕೋಟಿಗೆ ಬಂದರು. ಹಿಂದಿನ ದಿನ ಬಿಕರಿಯಾಗದೆ ಉಳಿದಿದ್ದ ದೇವದತ್ತ ಪಡಿಕ್ಕಲರನ್ನು, ಹೆಸರು ಮತ್ತೊಮ್ಮೆ ಕರೆದಾಗ, ಮೂಲಬೆಲೆಯಾದ 2 ಕೋಟಿಗೇ ಪಡೆದರು. ಹರಾಜು ಮುಗಿದಾಗ 22 ಮಂದಿಯ ತಂಡ ಸಿದ್ಧವಾಗಿದ್ದಿತು, ಚೀಲದಲ್ಲಿ 75 ಲಕ್ಷ ಉಳಿದಿದ್ದಿತು.

ಮರುದಿನ ಈ ಪಟ್ಟಿಯನ್ನು ಮೆಚ್ಚಿದವರು ಬಹಳ ಮಂದಿಯಿರಲಿಲ್ಲ; ದೊಡ್ಡ ಹೆಸರುಗಳಿಲ್ಲವೆಂಬುದೇ ದೂರು. ಆದರೆ ಪಟ್ಟಿಯನ್ನು ಕಾರ್ಯಗಳ ದೃಷ್ಟಿಯಿಂದ ಓದಿದರೆ ಅದರ ಸೌಷ್ಠವ ಕಾಣುತ್ತದೆ. ಹೊಸ ಚೆಂಡಿಗೆ ಭುವನೇಶ್ವರ್, ಯಾವ ಘಟ್ಟಕ್ಕೂ ಹೇಜಲ್‌ವುಡ್, ಎಡಗೈ ವೇಗಕ್ಕೆ ದಯಾಳ್. ಬಲಗೈ ಬ್ಯಾಟುಗಾರನಿಂದ ಹೊರಕ್ಕೆ ತಿರುಗುವ ಎಡಗೈ ಸ್ಪಿನ್ನಿಗೆ ಕೃಣಾಲ್, ಗೂಗ್ಲಿಗೆ ಸುಯಶ್. ಆರಂಭದ ಹೊಡೆತಕ್ಕೆ ಸಾಲ್ಟ್, ಮುಗಿತಾಯಕ್ಕೆ ಜಿತೇಶ್, ಡೇವಿಡ್, ಶೆಫರ್ಡ್. ಒಂದೊಂದು ಕೆಲಸಕ್ಕೂ ಒಬ್ಬನಿದ್ದಾನೆ, ಒಬ್ಬನು ಬಿದ್ದರೆ ಇನ್ನೊಬ್ಬನಿದ್ದಾನೆ. ಆ ವರ್ಷ ಹೇಜಲ್‌ವುಡ್ 22 ವಿಕೆಟ್ ಪಡೆದರು, ಕೃಣಾಲ್ ಮತ್ತು ಭುವನೇಶ್ವರ್ ತಲಾ 17. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ 190 ರನ್ನುಗಳನ್ನು ಕಾಯ್ದುಕೊಂಡು ಪಂಜಾಬನ್ನು 184ಕ್ಕೆ ತಡೆದ ರಾತ್ರಿ, ಪಂದ್ಯದ ಶ್ರೇಷ್ಠ ಆಟಗಾರರೆನಿಸಿದವರು ನಾಲ್ಕು ಓವರುಗಳಲ್ಲಿ 17 ರನ್ನು ಮಾತ್ರ ಕೊಟ್ಟು ಇಬ್ಬರನ್ನು ಔಟುಮಾಡಿದ ಕೃಣಾಲ್. 2009ರ ಅಂತಿಮ ಪಂದ್ಯವನ್ನು ಕುಂಬ್ಳೆಯವರ ನಾಯಕತ್ವದಲ್ಲಿ ಆರು ರನ್ನುಗಳಿಂದ ಸೋತಿದ್ದ ತಂಡ, ಹದಿನಾರು ವರ್ಷಗಳ ಮೇಲೆ ಆರೇ ರನ್ನುಗಳಿಂದ ಗೆದ್ದಿತು. ದುಬಾರಿ ಬೆಲೆಯೆಲ್ಲ ವ್ಯರ್ಥವೆಂದು ಇದರಿಂದ ತೀರ್ಮಾನಿಸಬಾರದು; 26.75 ಕೋಟಿಯ ಶ್ರೇಯಸ್ಸರು 604 ರನ್ನು ಹೊಡೆದು ತಮ್ಮ ತಂಡವನ್ನು ಅದೇ ಅಂತಿಮ ಪಂದ್ಯಕ್ಕೆ ತಂದಿದ್ದರು. 27 ಕೋಟಿ ಕೊಟ್ಟ ಲಖನೌ ಏಳನೆಯದಾಯಿತು.

ಆ ಗೆಲುವಿನ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ಕಾದ ಜನರ ಪ್ರೀತಿಯನ್ನು ಸ್ವಾಗತಿಸುವುದಕ್ಕೆ ಬೇಕಾದ ಸಿದ್ಧತೆ ಅಲ್ಲಿರಲಿಲ್ಲ. ಆ ಕಪ್ಪಿನ ಕಥೆಯನ್ನು ಬರೆಯುವವರಾರೂ ಈ ಹನ್ನೊಂದು ಜೀವಗಳನ್ನು ಬಿಟ್ಟು ಬರೆಯಲಾಗದು, ಬರೆಯಕೂಡದು.

ಅಂತಿಮ ಪಂದ್ಯದಲ್ಲಿ ನಮ್ಮ ತಂಡದ ಪರವಾಗಿ ಆಡಿದ ಕರ್ನಾಟಕದವರು ಒಬ್ಬರೇ, ಮಯಾಂಕ್ ಅಗರ್ವಾಲ್. ಜಿದ್ದಾದಲ್ಲಿ ಅವರ ಹೆಸರು ಬಂದಾಗ ಒಂದು ಪ್ಯಾಡಲೂ ಏಳಲಿಲ್ಲ. ಮೇ ತಿಂಗಳಿನಲ್ಲಿ ಪಡಿಕ್ಕಲರು ಗಾಯಗೊಂಡು ಹೊರಗುಳಿದಾಗ 1 ಕೋಟಿಗೆ ಅವರನ್ನು ಕರೆಸಿದರು. ಲಖನೌ ವಿರುದ್ಧ 228ರ ಗುರಿಯನ್ನು ಬೆನ್ನಟ್ಟಿದ ದಿನ ಜಿತೇಶರ ಜೊತೆ ನಿಂತು 23 ಎಸೆತಗಳಲ್ಲಿ ಅಜೇಯ 41 ಹೊಡೆದರು, ಅಂತಿಮ ಪಂದ್ಯದಲ್ಲಿ 24. ಮಹಿಳೆಯರ ಕ್ರಿಕೆಟ್ಟಿನಲ್ಲಿಯೂ ಇಂಥ ಉದಾಹರಣೆಯುಂಟು. 2023ರ ಪ್ರಥಮ ಹರಾಜಿನಲ್ಲಿ ಬೆಂಗಳೂರು ಸ್ಮೃತಿ ಮಂಧಾನರಿಗೆ 3.40 ಕೋಟಿ ಕೊಟ್ಟು, ಕರ್ನಾಟಕದ ಶ್ರೇಯಾಂಕಾ ಪಾಟೀಲರನ್ನು 10 ಲಕ್ಷಕ್ಕೆ ಪಡೆಯಿತು. 2024ರ ಮಾರ್ಚಿನಲ್ಲಿ ಆ ತಂಡ ಪ್ರಶಸ್ತಿ ಗೆದ್ದಾಗ ಅಂತಿಮ ಪಂದ್ಯದಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ಉರುಳಿಸಿದವರು ಶ್ರೇಯಾಂಕಾ. ಇದೇ ಊರಿನ ವೃಂದಾ ದಿನೇಶರಿಗೆ, ಇನ್ನೂ ಭಾರತಕ್ಕೆ ಆಡಿರದಿದ್ದಾಗಲೇ, ಉತ್ತರ ಪ್ರದೇಶದ ತಂಡ 1.30 ಕೋಟಿ ಕೊಟ್ಟಿತು.

ನಮ್ಮ ಬಡಾವಣೆಗಳ ಹುಡುಗರಿಗೆ ಐಪಿಎಲ್ಲಿನ ಸಭಾಂಗಣಕ್ಕೆ ಏಣಿಯಾಗಿರುವುದು ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿ. ಮೊದಲು ಕರ್ನಾಟಕ ಪ್ರೀಮಿಯರ್ ಲೀಗೆಂದು 2009ರಲ್ಲಿ ಆರಂಭವಾಗಿ, ಮ್ಯಾಚ್ ಫಿಕ್ಸಿಂಗಿನ ಕಳಂಕದಿಂದ ನಿಂತುಹೋಗಿ, 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ನೆನಪಿನಲ್ಲಿ ಹೊಸದಾಗಿ ಹುಟ್ಟಿದ ಈ ಪಂದ್ಯಾವಳಿಯಲ್ಲಿ ಆರು ತಂಡಗಳಿವೆ. ಇಲ್ಲಿಯ ಹರಾಜು ಲಕ್ಷಗಳಲ್ಲಿ. 2025ರಲ್ಲಿ ಅತ್ಯಧಿಕ ಬೆಲೆ ಪಡೆದ ಪಡಿಕ್ಕಲರಿಗೆ ಹುಬ್ಬಳ್ಳಿ ಕೊಟ್ಟುದು 13.20 ಲಕ್ಷ. ಏಣಿ ನಿಜವಾಗಿಯೂ ಏರುತ್ತದೆಂಬುದಕ್ಕೆ ಅಭಿನವ್ ಮನೋಹರ್ ಸಾಕ್ಷಿ: 2024ರಲ್ಲಿ ಶಿವಮೊಗ್ಗದ ಪರ 507 ರನ್ನು, ಅದರಲ್ಲಿ 52 ಸಿಕ್ಸರು, ನವೆಂಬರಿನಲ್ಲಿ ಜಿದ್ದಾದಲ್ಲಿ 30 ಲಕ್ಷದ ಮೂಲಬೆಲೆಯ ಮೇಲೆ 3.20 ಕೋಟಿ. ಕೊಂಡವರು ಹೈದರಾಬಾದಿನವರು.

ಐಪಿಎಲ್ಲಿನ ಆರಂಭದ ವರ್ಷಗಳಲ್ಲಿ, ತಂಡದ ಸುತ್ತಣ ಪ್ರದೇಶದ ಕೆಲವರು ಪಟ್ಟಿಯಲ್ಲಿ ಇರಲೇಬೇಕೆಂಬ ನಿಯಮವಿದ್ದಿತು. ಆಮೇಲೆ ಅದನ್ನು ಕೈಬಿಟ್ಟರು. ಅದನ್ನು ಮರಳಿ ತರಬೇಕೆಂದು ನಾನು ವಾದಿಸುತ್ತೇನೆ. ಎಲ್ಲ ರಾಜ್ಯಗಳಲ್ಲಿಯೂ ಸಮನಾದ ಪ್ರತಿಭೆಯಿರುವುದಿಲ್ಲ, ಆದುದರಿಂದ ತಂಡಗಳ ಸಮತೋಲ ಕೆಡುವುದು ಎಂಬುದು ಇದಕ್ಕೆ ಬರುವ ಆಕ್ಷೇಪ. ಆಕ್ಷೇಪದಲ್ಲಿ ಸತ್ಯವಿದೆ, ಹನ್ನೊಂದರಲ್ಲಿ ಆರು ಮಂದಿ ಸ್ಥಳೀಯರಿರಬೇಕೆಂದು ಕೇಳಿದರೆ ಅದು ಸರಿಯಾದ ಆಕ್ಷೇಪವೇ ಆಗುವುದು. 25ರ ಪಟ್ಟಿಯಲ್ಲಿ ಇಬ್ಬರಿಗೆ, ಕನಿಷ್ಠ ಮೂಲಬೆಲೆಯಲ್ಲಿ, ಎಂದು ಕೇಳಿದರೆ 2025ರ ಆವೃತ್ತಿಯ 120 ಕೋಟಿಯ ಚೀಲಕ್ಕೆ 60 ಲಕ್ಷದ ಭಾರ. ಆ ಇಬ್ಬರು ಪಂದ್ಯ ಆಡಲೇಬೇಕೆಂದೂ ಇಲ್ಲ. ಕೆಂಗೇರಿಯ ಒಬ್ಬ ಹುಡುಗ ಎರಡು ತಿಂಗಳು ನೆಟ್ಸಿನಲ್ಲಿ ಹೇಜಲ್‌ವುಡ್ಡರ ಚೆಂಡನ್ನು ಎದುರಿಸಿ, ಭುವನೇಶ್ವರರು ಮಣಿಕಟ್ಟನ್ನು ಇಡುವ ರೀತಿಯನ್ನು ಹತ್ತಿರದಿಂದ ಕಂಡು, ಜೂನ್ ತಿಂಗಳಿನಲ್ಲಿ ತನ್ನ ಕ್ಲಬ್ಬಿನ ಮ್ಯಾಟಿಂಗ್ ವಿಕೆಟ್ಟಿಗೆ ಹಿಂದಿರುಗಿದರೆ, ಆ ವಿದ್ಯೆ ಅಲ್ಲಿಯ ಇಪ್ಪತ್ತು ಹುಡುಗರಿಗೆ ಹರಡುವುದು. ಭಾರತದ ಕ್ರಿಕೆಟ್ ಮಂಡಳಿಗೆ ಇದಕ್ಕಾಗಿ ಬೇಕಾಗುವುದು ನಿಯಮಾವಳಿಯಲ್ಲಿ ಒಂದು ಸಾಲು.